ಅರವತ್ತು ಕಿ.ಮೀ ವೇಗದ ಕಾರಿಗೆ ವಿಂಗ್ ಬೇಕಾ?

ಕಾಳಿ_ಸಂಗಮ, ಕಾರವಾರ

ನಮಸ್ಕಾರ. ಮೆಕ್ಯಾನಿಕಲ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮ ಕಾಲೇಜಿನಿಂದ ಮೊದಲ ಸಲ ಫಾರ್ಮುಲಾ ಸ್ಟೂಡೆಂಟ್ ಕಾರು, ಅಂದರೆ ವಿದ್ಯಾರ್ಥಿಗಳೇ ಕಟ್ಟಿ ಸ್ಪರ್ಧೆಗೆ ಒಯ್ಯುವ ಪುಟ್ಟ ರೇಸ್ ಕಾರು, ಕಟ್ಟಲು ಹೊರಟಿದ್ದೇವೆ. ಕೊಯಮತ್ತೂರಿನಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ತಗೊಂಡು ಹೋಗಬೇಕು ಅಂತ ಆಸೆ. ಇಂಜಿನ್ ಕೆಟಿಎಂ 390, ಅಪಘಾತವಾದ ಬೈಕೊಂದರಿಂದ ಬಿಚ್ಚಿದ್ದು. ಫ್ರೇಮ್ ಸ್ಟೀಲ್ ಪೈಪಿನದ್ದೇ ಅಂತ ತೀರ್ಮಾನ ಆಗಿದೆ, ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ವಿಂಗ್ ಬಗ್ಗೆ, ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆ. ಟೀಮಿನ ಅರ್ಧ ಜನಕ್ಕೆ ಮುಂದೊಂದು ಹಿಂದೊಂದು ವಿಂಗ್ ಇಲ್ಲದಿದ್ದರೆ ಅದು ರೇಸ್ ಕಾರೇ ಅಲ್ಲ. ಉಳಿದವರು, ನಮ್ಮ ಕಾರು ಹೆಚ್ಚಿನ ಹೊತ್ತು ಐವತ್ತು ಅರವತ್ತರಲ್ಲಿ ಓಡುವಂಥದ್ದು, ಆ ವೇಗದಲ್ಲಿ ವಿಂಗ್ ಸುಮ್ನೆ ಭಾರ ಅನ್ನುತ್ತಾರೆ. ಏರೋ (ಗಾಳಿಯ ಹರಿವಿನ ಕೆಲಸ) ಜವಾಬ್ದಾರಿ ನನ್ನ ತಲೆಗೇ ಕಟ್ಟಿದ್ದರಿಂದ ಎರಡೂ ಕಡೆಯವರ ಬೈಗುಳ ನನಗೇ. ಇನ್ನೊಬ್ಬ ಗೆಳೆಯ ಬೇರೆ, ಎಫ್1 (ಫಾರ್ಮುಲಾ 1) ತರಹ ತಳದಲ್ಲಿ ಟನಲ್ ಮಾಡೋಣ, ವಿಂಗೇ ಬೇಡ ಅನ್ನುತ್ತಿದ್ದಾನೆ.

ಬಾಡಿಯನ್ನು ಇಲ್ಲೇ ಬೋಟ್ ಕಟ್ಟುವವರ ಹತ್ತಿರ ಫೈಬರ್‌ನಲ್ಲಿ ಮಾಡಿಸುವ ಯೋಚನೆ ಇದೆ. ಅವರ ಕೈಕೆಲಸ ಚೆನ್ನಾಗಿದೆ, ಆದರೆ ಬೋಟಿನ ಫೈಬರ್ ಕಾರಿಗೆ ಆಗುತ್ತದಾ? ತಿಳಿದವರು ಹೇಳಿ. ಲೆಕ್ಕ ಕೊಟ್ಟರೆ ಇನ್ನೂ ಒಳ್ಳೆಯದು. ಬರೀ ಅಭಿಪ್ರಾಯ ನಮ್ಮ ಟೀಮಿನಲ್ಲೇ ಬೇಕಾದಷ್ಟಿದೆ.

ಘಟ್ಟದ_ಗೇರ್, ಶಿರಸಿ

ನಿನ್ನ ಗೆಳೆಯ ಹೇಳಿದ್ದರಲ್ಲಿ ಹುರುಳಿದೆ ತಮ್ಮ. ಎಫ್1 ನೋಡುವಾಗ ಎಲ್ಲರ ಕಣ್ಣು ವಿಂಗ್ ಮೇಲೆ ಇರುತ್ತದೆ, ಆದರೆ 2022ರಿಂದ 2025ರವರೆಗಿನ ಕಾರುಗಳಲ್ಲಿ ನಿಜವಾದ ಕೆಲಸ ನಡೆದದ್ದು ತಳದಲ್ಲಿ. ಕಾರಿನ ಅಡಿಯಲ್ಲಿ ಎರಡು ಟನಲ್, ಮುಂದೆ ಅಗಲ ಬಾಯಿ, ನಡುವೆ ನೆಲಕ್ಕೆ ತೀರಾ ಹತ್ತಿರ, ಹಿಂದೆ ಮತ್ತೆ ಮೇಲಕ್ಕೆ ಏರುವ ಡಿಫ್ಯೂಸರ್. ಹೊಳೆ ಇಕ್ಕಟ್ಟಾದ ಕಡೆ ನೀರು ಓಡಿದ ಹಾಗೆ ಗಾಳಿ ಆ ಸಣ್ಣ ಸಂದಿಯಲ್ಲಿ ಜೋರಾಗಿ ಓಡುತ್ತದೆ, ಒತ್ತಡ ಬೀಳುತ್ತದೆ, ಕಾರು ನೆಲಕ್ಕೆ ಎಳೆದುಕೊಳ್ಳುತ್ತದೆ. ವಿಂಗ್‌ನಲ್ಲಿ ಡೌನ್‌ಫೋರ್ಸ್, ಅಂದರೆ ನೆಲಕ್ಕೆ ಒತ್ತುವ ಬಲ, ಜಾಸ್ತಿ ಮಾಡಿದರೆ ಗಾಳಿಯ ತಡೆಯೂ ಜಾಸ್ತಿ ಆಗುತ್ತದೆ. ತಳದಲ್ಲಿ ಅದೇ ಡೌನ್‌ಫೋರ್ಸ್ ತುಂಬಾ ಅಗ್ಗಕ್ಕೆ ಸಿಗುತ್ತದೆ.

ಇದು ಹೊಸ ವಿದ್ಯೆ ಏನಲ್ಲ. ತಳದಿಂದ ಹಿಡಿತ ಪಡೆದ ಎಫ್1 ಕಾರು ಲೋಟಸ್ 78 ಬಂದದ್ದು 1977ರಲ್ಲಿ. ಮರು ವರ್ಷ ಲೋಟಸ್ 79ರಲ್ಲಿ ಮಾರಿಯೋ ಆಂಡ್ರೆಟ್ಟಿ ಚಾಂಪಿಯನ್ ಆದ. ಆ ಕಾರಿನ ಎರಡೂ ಬದಿಯಲ್ಲಿ ನೆಲ ಮುಟ್ಟುವ ಸ್ಕರ್ಟ್ ಇತ್ತು, ಹೊರಗಿನ ಗಾಳಿ ಒಳಗೆ ನುಗ್ಗದ ಹಾಗೆ. ಅಪಾಯ ಇದ್ದದ್ದೂ ಅಲ್ಲೇ. ಸ್ಕರ್ಟ್ ಎಲ್ಲಾದರೂ ಸಿಕ್ಕಿಕೊಂಡು ಮೇಲೆ ನಿಂತರೆ ತಿರುವಿನ ನಡುವೆಯೇ ಹಿಡಿತ ಹೋಗುತ್ತಿತ್ತು. 1983ಕ್ಕೆ ಚಪ್ಪಟೆ ತಳ ಕಡ್ಡಾಯ ಮಾಡಿದರು. 2022ರಲ್ಲಿ ಟನಲ್ ಮತ್ತೆ ಬಂದಾಗ ಕಾರುಗಳು ನೇರ ರಸ್ತೆಯಲ್ಲಿ ಕುಣಿಯತೊಡಗಿದವು ನೋಡು, ಪೋರ್ಪಾಯ್ಸಿಂಗ್ ಅಂತಾರಲ್ಲ, ಅದೇ. ವೇಗ ಏರಿದಂತೆ ತಳ ನೆಲಕ್ಕೆ ಎಳೆಯುತ್ತದೆ, ಸಂದಿ ತೀರಾ ಸಣ್ಣದಾಗಿ ಗಾಳಿಯ ಓಟ ಮುರಿಯುತ್ತದೆ, ಕಾರು ಮೇಲೇಳುತ್ತದೆ, ಗಾಳಿ ಮತ್ತೆ ಓಡುತ್ತದೆ, ಮತ್ತೆ ಕೆಳಗೆ. ಆ ವರ್ಷ ಬಾಕುವಿನ ರೇಸ್‌ನಲ್ಲಿ ಡ್ರೈವರ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಾರಿನಿಂದ ಇಳಿದದ್ದು ಎಲ್ಲರೂ ನೋಡಿದ್ದೇವೆ. 2023ಕ್ಕೆ ತಳದ ಅಂಚನ್ನು 15 ಮಿ.ಮೀ ಎತ್ತರಿಸಿ ಅಂತ ನಿಯಮವೇ ಬಂತು.

ಇನ್ನೊಂದು ವಿಷಯ, ಮರದ ಊರಿನವನಾದ್ದರಿಂದ ಹೇಳಲೇಬೇಕು. ಇಷ್ಟೆಲ್ಲಾ ಕಾರ್ಬನ್ ಫೈಬರ್ ನಡುವೆ ಎಫ್1 ಕಾರಿನ ಹೊಟ್ಟೆಗೆ ಒಂದು ಹಲಗೆ ಕಟ್ಟಿರುತ್ತಾರೆ. ಟೀಮುಗಳು ಕಾರನ್ನು ನೆಲಕ್ಕೆ ಅತಿಯಾಗಿ ತಗ್ಗಿಸದಿರಲಿ ಅಂತ 1994ರಲ್ಲಿ ತಂದದ್ದು. ದಪ್ಪ 10 ಮಿ.ಮೀ, ಸವೆಯಬಹುದಾದದ್ದು 1 ಮಿ.ಮೀ ಅಷ್ಟೇ. 2023ರ ಅಮೆರಿಕ ರೇಸ್‌ನಲ್ಲಿ ಆ ಹಲಗೆ ಜಾಸ್ತಿ ಸವೆದಿದ್ದಕ್ಕೆ ಹ್ಯಾಮಿಲ್ಟನ್, ಲೆಕ್ಲರ್ಕ್ ಇಬ್ಬರನ್ನೂ ಫಲಿತಾಂಶದಿಂದ ತೆಗೆದು ಹಾಕಿದರು. ಒಂದು ಮಿಲಿಮೀಟರ್ ಎಂಥಾ ಬೆಲೆ ಬಾಳುತ್ತದೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಹಾಗಾಗಿ ನನ್ನ ಓಟು ತಳಕ್ಕೆ.

ಅಪೆಕ್ಸ್_ಹೆಗಡೆ, ಬೆಂಗಳೂರು, ಊರು ಯಲ್ಲಾಪುರ

ಗೇರ್ ಅಣ್ಣ ಹೇಳಿದ ಇತಿಹಾಸ ಸರಿ, ಆದರೆ ಸಲಹೆ ಈ ಹುಡುಗರಿಗೆ ಆಗುವುದಿಲ್ಲ. ನಾನು ಹುಬ್ಬಳ್ಳಿಯಲ್ಲಿ ಓದುವಾಗ ಇಂಥದ್ದೇ ಟೀಮಿನಲ್ಲಿ ಸಸ್ಪೆನ್ಷನ್ ನೋಡಿಕೊಳ್ಳುತ್ತಿದ್ದೆ. ಲೆಕ್ಕ ಕೇಳಿದ್ದೀಯ, ಲೆಕ್ಕವೇ ಕೊಡುತ್ತೇನೆ.

ಡೌನ್‌ಫೋರ್ಸ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರ್ಧ, ಗುಣಿಸು ಗಾಳಿಯ ಸಾಂದ್ರತೆ, ಗುಣಿಸು ವೇಗದ ವರ್ಗ, ಗುಣಿಸು ಲಿಫ್ಟ್ ಗುಣಕ, ಗುಣಿಸು ವಿಸ್ತೀರ್ಣ. ಕೊನೆಯ ಎರಡನ್ನು ಗುಣಿಸಿ ಒಂದೇ ಅಂಕಿ ಮಾಡಿಕೊ. ಒಳ್ಳೆಯ ವಿಂಗ್ ಪ್ಯಾಕೇಜ್ ಇರುವ ವಿದ್ಯಾರ್ಥಿ ಕಾರಿಗೆ ಅದು 2.5 ಅಂತ ಹಿಡಿ. ಬಿಸಿಲಿನ ಗಾಳಿ ಘನ ಮೀಟರಿಗೆ ಸುಮಾರು 1.16 ಕೆ.ಜಿ. 60 ಕಿ.ಮೀ ವೇಗ ಅಂದರೆ ಸೆಕೆಂಡಿಗೆ 16.7 ಮೀಟರ್. ಬರುವುದು ಸುಮಾರು 400 ನ್ಯೂಟನ್, ಅಂದರೆ 41 ಕೆ.ಜಿ ಭಾರ ಕೂರಿಸಿದಷ್ಟು. 40ರಲ್ಲಿ ಇದು 18 ಕೆ.ಜಿ, 100ರಲ್ಲಿ 114 ಕೆ.ಜಿ.

ಡ್ರೈವರ್ ಸೇರಿ ನಿಮ್ಮ ಕಾರು 290 ಕೆ.ಜಿ ಅಂದುಕೊಂಡರೆ 41 ಕೆ.ಜಿ ಅಂದರೆ ಶೇಕಡಾ 14. ಮಜಾ ಏನೆಂದರೆ ಈ ಭಾರ ಟೈರಿಗೆ ಮಾತ್ರ ಗೊತ್ತಾಗುತ್ತದೆ, ತಿರುವಿನಲ್ಲಿ ಹೊರಗೆ ಎಸೆಯುವ ತೂಕಕ್ಕೆ ಸೇರುವುದಿಲ್ಲ. ಹಾಗಾಗಿ ವಿಂಗ್ ಬರೀ ಶೋಕಿ ಅನ್ನುವವರ ಮಾತು ತಪ್ಪು. ಸ್ಕಿಡ್‌ಪ್ಯಾಡ್ ತಗೊ, ವೃತ್ತದಲ್ಲಿ ಸುತ್ತುವ ಪರೀಕ್ಷೆ. ಒಳ ವೃತ್ತದ ವ್ಯಾಸ 15.25 ಮೀಟರ್, ದಾರಿ 3 ಮೀಟರ್ ಅಗಲ. ಟೈರಿನ ಹಿಡಿತ (ಘರ್ಷಣೆ ಗುಣಕ) 1.5 ಇದ್ದರೆ ವಿಂಗ್ ಇಲ್ಲದೆ ಸುಮಾರು 42 ಕಿ.ಮೀ ವೇಗ, ಒಂದು ಸುತ್ತಿಗೆ 5 ಸೆಕೆಂಡಿನ ಆಸುಪಾಸು. ವಿಂಗ್ ಇದ್ದರೆ ಅಲ್ಲೂ 0.15ರಿಂದ 0.2 ಸೆಕೆಂಡ್ ಉಳಿಯುತ್ತದೆ. ಐದು ಸೆಕೆಂಡಿನ ಸುತ್ತಿಗೆ ಅದು ದೊಡ್ಡದೇ.

ಇಷ್ಟು ಹೇಳಿದ ಮೇಲೂ ನಾನು ಹೇಳುವುದು ಮೊದಲ ಕಾರಿಗೆ ವಿಂಗ್ ಬೇಡ ಅಂತಲೇ. ಆ 2.5 ಬರುವುದು ಸ್ಲಾಟ್ (ರೆಕ್ಕೆಯ ಭಾಗಗಳ ನಡುವಿನ ಸಂದಿ) ಸರಿಯಾಗಿರುವ, ಅಂಚು ಚೂಪಾಗಿರುವ, ಬಾಗದ ವಿಂಗ್‌ಗೆ. ಕೈಯಲ್ಲಿ ಮಾಡಿದ್ದು 1.2 ಕೊಟ್ಟರೆ 60ರಲ್ಲಿ ಸಿಗುವುದು 20 ಕೆ.ಜಿ. ವಿಂಗು, ಅದರ ಕಂಬ, ಬ್ರ್ಯಾಕೆಟ್ ಎಲ್ಲಾ ಸೇರಿ 12-15 ಕೆ.ಜಿ ಆಗಿಬಿಡುತ್ತದೆ, ಅದರಲ್ಲೂ ಹಿಂದಿನದ್ದು ಎತ್ತರದಲ್ಲಿ ಕೂರುತ್ತದೆ. ಪರೀಕ್ಷಕರು ವಿಂಗ್ ಮೇಲೆ 200 ನ್ಯೂಟನ್ ಒತ್ತಿ ನೋಡಬಹುದು, 10 ಮಿ.ಮೀಗಿಂತ ಜಾಸ್ತಿ ಬಾಗಬಾರದು. ಮುಂದಿನದ್ದಕ್ಕೂ ಹಿಂದಿನದ್ದಕ್ಕೂ ಹೊಂದಾಣಿಕೆ ಬೇರೆ ಬೇಕು. ಹಿಂದೆ ಮಾತ್ರ ದೊಡ್ಡದು ಹಾಕಿದರೆ ವೇಗದ ತಿರುವಿನಲ್ಲಿ ಮುಂದಿನ ಚಕ್ರ ಮಾತೇ ಕೇಳುವುದಿಲ್ಲ, ಕಾರು ನೇರ ಹೋಗುತ್ತದೆ.

ತಳದ ಟನಲ್ ಇನ್ನೂ ಕಷ್ಟ. ಅದು ಕೆಲಸ ಮಾಡುವುದು ನೆಲದಿಂದ ಎತ್ತರ ಒಂದೇ ಸಮ ಇದ್ದರೆ. ನಿಮ್ಮ ನಿಯಮದಲ್ಲಿ ಚಕ್ರ ಕನಿಷ್ಠ 50 ಮಿ.ಮೀ ಮೇಲೆ ಕೆಳಗೆ ಓಡಾಡಬೇಕು ಅಂತ ಇದೆ, ಟ್ರ್ಯಾಕ್ ಗುಂಡಿ ಉಬ್ಬು ಇರುವ ಡಾಂಬರು. ಎಫ್1 ಕಾರಿನ ಸ್ಪ್ರಿಂಗ್ ಕಲ್ಲಿನ ಹಾಗೆ ಗಟ್ಟಿ, ಅದಕ್ಕೇ ಅಲ್ಲಿ ನಡೆಯುತ್ತದೆ.

ಈಗ ವಿಂಗಿಗಿಂತ ಅಗ್ಗದಲ್ಲಿ ಹಿಡಿತ ಎಲ್ಲಿ ಸಿಗುತ್ತದೆ ನೋಡು. 290 ಕೆ.ಜಿ ಕಾರು, ತಿರುವಿನಲ್ಲಿ 1.5 ಜಿ (ಗುರುತ್ವದ ಒಂದೂವರೆ ಪಟ್ಟು), ಗುರುತ್ವ ಕೇಂದ್ರ ನೆಲದಿಂದ 300 ಮಿ.ಮೀ, ಎಡ ಬಲ ಚಕ್ರಗಳ ನಡುವೆ 1200 ಮಿ.ಮೀ. ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ದಾಟುವ ಭಾರ 109 ಕೆ.ಜಿ. ನಿಂತಾಗ ಎರಡೂ ಬದಿಗೆ 145-145 ಇದ್ದದ್ದು ಈಗ ಒಳಗೆ 36, ಹೊರಗೆ 254. ಭಾರ ಎರಡು ಪಟ್ಟಾದರೆ ಟೈರಿನ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಅಂದರೆ ಹೊರಗಿನ ಟೈರ್ ಗಳಿಸುವುದು ಒಳಗಿನದ್ದು ಕಳೆದುಕೊಂಡದ್ದಕ್ಕಿಂತ ಕಡಿಮೆ. ಸೀಟು, ಇಂಜಿನ್, ಬ್ಯಾಟರಿ ಎಲ್ಲಾ ತಗ್ಗಿಸಿ ಕೇಂದ್ರವನ್ನು 20 ಮಿ.ಮೀ ಕೆಳಗೆ ತಂದರೆ ದಾಟುವ ಭಾರ ಏಳು ಕೆ.ಜಿ ಕಡಿಮೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಕಂಪ್ಯೂಟರಿನ ಕ್ಯಾಡ್ ಡ್ರಾಯಿಂಗ್ ಮುಂದೆ ಎರಡು ಸಂಜೆ ಕೂರಬೇಕು ಅಷ್ಟೇ. ರೇಸ್ ಕಾರಿನಲ್ಲಿ ಉಳಿದ ಎಲ್ಲಾ ಭಾಗ ಇರುವುದು ನಾಲ್ಕು ಟೈರಿನ ಸೇವೆಗೆ, ವಿಂಗೂ ಅದರಲ್ಲಿ ಒಂದು ಆಳು. ಮೊದಲು ದೊಡ್ಡ ಆಳುಗಳನ್ನು ನೋಡಿಕೊ.

ಹೊನ್ನಾವರ_ಎಕ್ಸ್‌ಪ್ರೆಸ್, ಹೊನ್ನಾವರ

ಹೆಗಡೇರೇ, ದಡ್ಡ ಪ್ರಶ್ನೆ ಅಂತ ನಗಬೇಡಿ. ಗಾಳಿ ಅಷ್ಟು ಮುಖ್ಯ ಅಂದರೆ ಚಕ್ರಗಳನ್ನೇ ಮುಚ್ಚಿಬಿಡಬಹುದಲ್ಲ ಮಾರಾಯ್ರೇ? ಹೊರಗೆ ಬಿಟ್ಟು ಆಮೇಲೆ ಒದ್ದಾಡುವುದು ಯಾಕೆ?

ಘಟ್ಟದ_ಗೇರ್, ಶಿರಸಿ

ನಿಯಮ, ಅಷ್ಟೇ. ಮುಚ್ಚಿದರೆ ಅದು ಬೇರೆ ಜಾತಿಯ ರೇಸ್ ಕಾರು ಆಗುತ್ತದೆ. ವಿದ್ಯಾರ್ಥಿ ಕಾರಿನಲ್ಲೂ ಮೇಲಿಂದ ನೋಡಿದರೆ ಚಕ್ರ ತೆರೆದಿರಬೇಕು ಅಂತಲೇ ಇದೆ. ಗಾಳಿಗೆ ಮಾತ್ರ ಇದಕ್ಕಿಂತ ಕೆಟ್ಟ ಆಕಾರ ಇಲ್ಲ. ಒಟ್ಟು ತಡೆಯಲ್ಲಿ ಮೂರನೇ ಒಂದು ಭಾಗದಷ್ಟು ಚಕ್ರಗಳದ್ದೇ ಅನ್ನುವ ಲೆಕ್ಕವಿದೆ. ತಿರುಗುವ ಟೈರು ನೆಲ ಮುಟ್ಟುವ ಜಾಗದಲ್ಲಿ ಗಾಳಿ ಎರಡೂ ಬದಿಗೆ ಚಿಮ್ಮುತ್ತದೆ, ಆ ಕದಡಿದ ಗಾಳಿ ತಳದೊಳಗೆ ಹೊಕ್ಕರೆ ಅಲ್ಲಿನ ಒತ್ತಡ ಹಾಳಾಗುತ್ತದೆ. ಎಫ್1 ಮುಂದಿನ ವಿಂಗ್ ಅಷ್ಟು ಜಟಿಲ ಇರುವುದಕ್ಕೆ ಇದೂ ಒಂದು ಕಾರಣ. ತಾನು ಡೌನ್‌ಫೋರ್ಸ್ ಕೊಡುವುದರ ಜೊತೆಗೆ ಈ ಕೊಳೆ ಗಾಳಿಯನ್ನು ಹೊರಗೆ ಅಟ್ಟುವ ಕೆಲಸವೂ ಅದರದ್ದೇ. ಹೊರಗೆ ಅಟ್ಟಿದ್ದು ಹಿಂದಿನ ಕಾರಿನ ಮುಖಕ್ಕೆ ಬಡಿಯುತ್ತದೆ, ಅದಕ್ಕೇ ಹತ್ತಿರ ಹಿಂಬಾಲಿಸುವುದು ಕಷ್ಟ ಆಗುವುದು.

ಮತ್ತೆ ಹೆಗಡೆ, ನಿನ್ನ ಲೆಕ್ಕ ಒಪ್ಪಿದೆ. ಆದರೆ ಡಿಸೈನ್ ವಿಭಾಗಕ್ಕೇ 150 ಅಂಕ ಇದೆಯಲ್ಲ. ಅಲ್ಲಿ ಏರೋ ತೋರಿಸಿದರೆ ಜಡ್ಜ್‌ಗಳಿಗೆ ಖುಷಿ ಆಗುವುದಿಲ್ವಾ?

ಅಪೆಕ್ಸ್_ಹೆಗಡೆ

ತೋರಿಸಿದ್ದಕ್ಕೆ ಅಂಕ ಸಿಗುವುದಿಲ್ಲ ಅಣ್ಣ, ಯಾಕೆ ಹಾಕಿದೆ ಅಂತ ಕೇಳುತ್ತಾರೆ. ಟ್ರ್ಯಾಕ್‌ನಲ್ಲಿ ಅಳೆದ ಅಂಕಿ ತೋರಿಸು ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಬಣ್ಣ ಬಣ್ಣದ ಚಿತ್ರ ಬಂದರೆ ಸಾಕು ಅಂತ ಹೋದವರನ್ನು ಐದು ನಿಮಿಷದಲ್ಲಿ ಸುಮ್ಮನಾಗಿಸುತ್ತಾರೆ. ವಿಂಗ್ ಯಾಕೆ ಹಾಕಲಿಲ್ಲ ಅನ್ನುವುದಕ್ಕೆ ಮೇಲಿನ ಲೆಕ್ಕ ಇಟ್ಟುಕೊಂಡು ಹೋದರೆ ಅದೂ ಒಳ್ಳೆಯ ಡಿಸೈನ್ ಉತ್ತರವೇ.

ಬೈತಖೋಲ_ಬೋಟ್, ಕಾರವಾರ

ಫೈಬರ್ ವಿಷಯಕ್ಕೆ ನಾನು ಬರೆಯುತ್ತೇನೆ. ನಮ್ಮ ಮನೆಯಲ್ಲಿ ಇದೇ ಕೆಲಸ. ನಾಡದೋಣಿಗೆ ಫೈಬರ್ ಹೊದಿಸುವುದು, ದೊಡ್ಡ ಬೋಟಿನ ರಿಪೇರಿ, ಎಲ್ಲಾ ಮಾಡುತ್ತೇವೆ. ನಿಮ್ಮ ಕಾರಿನ ಮೂತಿ ಮಾಡುವುದು ನಮಗೆ ಕಷ್ಟವೇ ಅಲ್ಲ. ತೂಕ ಮಾತ್ರ ಕೇಳಬೇಡಿ ಅನ್ನಬೇಕಾಗುತ್ತದೆ, ಯಾಕೆಂದರೆ ಬೋಟಿಗೆ ತೂಕದ ಚಿಂತೆ ಅಷ್ಟಿಲ್ಲ.

ನಾವು ಹಾಕುವುದು ಚದರ ಮೀಟರಿಗೆ 450 ಗ್ರಾಂ ಮ್ಯಾಟ್ (ನೇಯದ ಗಾಜಿನ ಎಳೆಗಳ ಹಾಳೆ), ಪಾಲಿಯೆಸ್ಟರ್ ರೆಸಿನ್. ಮ್ಯಾಟ್ ತನ್ನ ತೂಕದ ಎರಡು ಪಟ್ಟಿಗಿಂತ ಜಾಸ್ತಿ ರೆಸಿನ್ ಕುಡಿಯುತ್ತದೆ. ಎರಡು ಪದರ ಅಂದರೆ ಚದರ ಮೀಟರಿಗೆ ಸುಮಾರು ಮೂರು ಕೆ.ಜಿ. ನಿಮ್ಮ ಬಾಡಿ ಮೂರು ಚದರ ಮೀಟರ್ ಇದ್ದರೆ ಒಂಬತ್ತು ಕೆ.ಜಿ ಆಯಿತು, ಮೇಲೆ ಹೊಳಪಿನ ಜೆಲ್‌ಕೋಟ್ ಪದರ. ಅದೇ 200 ಗ್ರಾಮಿನ ನೇಯ್ದ ಬಟ್ಟೆ ಮೂರು ಪದರ, ಎಪಾಕ್ಸಿ (ಇನ್ನೊಂದು ಬಗೆಯ ರೆಸಿನ್) ಹಚ್ಚಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ವ್ಯಾಕ್ಯೂಮ್ ಪಂಪ್ ಹಚ್ಚಿದರೆ ಚದರ ಮೀಟರಿಗೆ ಒಂದು ಕೆ.ಜಿ ಚಿಲ್ಲರೆಯಲ್ಲಿ ಮುಗಿಯುತ್ತದೆ. ಹೆಗಡೆಯವರು ಕೇಂದ್ರ ತಗ್ಗಿಸಿ ಉಳಿಸಿದ್ದನ್ನು ನಮ್ಮ ಮ್ಯಾಟ್‌ನಲ್ಲಿ ಕಳೆದುಕೊಳ್ಳಬೇಡಿ.

ಎಪಾಕ್ಸಿ ತಂದು ನಮ್ಮ ಮ್ಯಾಟ್‌ಗೇ ಹಚ್ಚಿದರಾಯಿತು ಅಂದುಕೊಳ್ಳಬೇಡಿ. ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಆಗ ಮ್ಯಾಟ್ ಮೆತ್ತಗಾಗಿ ಮೂಲೆಗೆ ಕೂರುತ್ತದೆ. ಎಪಾಕ್ಸಿಗೆ ಅದು ಕರಗುವುದಿಲ್ಲ. ಬಿರುಸಾಗಿಯೇ ಉಳಿದು ಬಾಗಿದ ಕಡೆಯಲ್ಲೆಲ್ಲಾ ಎದ್ದು ನಿಲ್ಲುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆಯೇ ಬೇಕು. ಇನ್ನು ಅಚ್ಚಿಗೆ ಥರ್ಮಾಕೋಲ್ ಕೆತ್ತಿ ಅದರ ಮೇಲೆ ನೇರ ಪಾಲಿಯೆಸ್ಟರ್ ಸುರಿದರೆ ಥರ್ಮಾಕೋಲ್ ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ. ಅದಕ್ಕೂ ಸ್ಟೈರೀನೇ ಕಾರಣ. ಎಪಾಕ್ಸಿ ಆದರೆ ಥರ್ಮಾಕೋಲಿಗೆ ಏನೂ ಆಗುವುದಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟೆಲ್ಲಾ ದಡಕ್ಕೆ ಬಂದಿರುತ್ತವೆ, ಯಾರ್ಡಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಜೊತೆಗೆ ಗಾಳಿಯಲ್ಲಿ ತೇವ. ಎಪಾಕ್ಸಿ ಮೇಲೆ ಮೇಣದ ತರಹ ಜಿಡ್ಡು ಕೂರುತ್ತದೆ, ಅದನ್ನು ನೀರು ಹಾಕಿ ತೊಳೆದು ಒರೆಸಿ ಉಜ್ಜದೆ ಮುಂದಿನ ಪದರ ಹಚ್ಚಿದರೆ ಹಪ್ಪಳದಂತೆ ಬಿಟ್ಟುಕೊಂಡು ಬರುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. ಏಪ್ರಿಲ್ ಮಧ್ಯಾಹ್ನ ಹಾರ್ಡನರ್ ಹಾಕಿದ ರೆಸಿನ್ ಮಗ್‌ನಲ್ಲೇ ಗಟ್ಟಿಯಾಗಿ ಹೊಗೆ ಬರುತ್ತದೆ, ಬೆಳಿಗ್ಗೆಯೇ ಮುಗಿಸಿ.

ಒಂದು ಮಾತು, ಇದು ತಮಾಷೆ ಅಲ್ಲ. ಪಾಲಿಯೆಸ್ಟರ್ ಹಚ್ಚುವುದಾದರೆ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಮತ್ತು ಹಾರ್ಡನರ್ ಎರಡನ್ನೂ ಯಾವತ್ತೂ ನೇರವಾಗಿ ಕೂಡಿಸಬೇಡಿ. ಸಿಡಿಯುತ್ತದೆ. ಮೊದಲು ಕೋಬಾಲ್ಟ್ ಅನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಎರಡರ ಬಾಟಲಿಯನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಹಾರ್ಡನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು.

ಕಾಳಿ_ಸಂಗಮ, ಕಾರವಾರ

ಎಲ್ಲರಿಗೂ ಧನ್ಯವಾದ. ಬೋಟ್ ಅಣ್ಣಾ, ಥರ್ಮಾಕೋಲ್ ವಿಷಯ ಹೇಳಿದ್ದು ದೊಡ್ಡ ಉಪಕಾರ, ನಮ್ಮ ಯೋಜನೆ ನಿಖರವಾಗಿ ಅದೇ ಇತ್ತು.

ವಿಂಗ್ ಈ ವರ್ಷ ಬೇಡ ಅಂತ ಟೀಮಿಗೆ ಹೇಳುತ್ತೇನೆ, ಮೇಲಿನ ಲೆಕ್ಕ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿ. ಈಗ ಫ್ರೇಮ್. 4130 ಕ್ರೋಮೋಲಿ ಸ್ಟೀಲ್ ಪೈಪ್ ತರಿಸಿದ್ದೇವೆ, ಡ್ರೈವರ್ ತಲೆಯ ಹಿಂದಿನ ಮುಖ್ಯ ಹೂಪ್‌ಗೆ ಒಂದಿಂಚಿನದು, ಎರಡೂವರೆ ಮಿ.ಮೀ ದಪ್ಪ. ವರ್ಕ್‌ಶಾಪ್ ಸಮುದ್ರದಿಂದ ಕೂಗಳತೆ ದೂರ. ಪೈಪ್ ಮೇಲೆ ಆಗಲೇ ಕೆಂಪು ಪುಡಿ ಕಾಣುತ್ತಿದೆ. ವೆಲ್ಡಿಂಗ್ ಟಿಗ್‌ನಲ್ಲಿ ಮಾಡಿಸುವುದು. ಬೇರೆ ಏನು ನೋಡಿಕೊಳ್ಳಬೇಕು?

ಅಪೆಕ್ಸ್_ಹೆಗಡೆ

ಕೆಂಪು ಪುಡಿ ಮೇಲ್ಮೈದಾದರೆ ಹೆದರಬೇಡ, ಎಮರಿ ಪೇಪರಿನಲ್ಲಿ ಹೋಗುತ್ತದೆ. ಬರಿಗೈಯಲ್ಲಿ ಮುಟ್ಟಿದ ಕಡೆ ಬೇಗ ಹಿಡಿಯುತ್ತದೆ. ಪೈಪಿಗೆ ತೆಳ್ಳಗೆ ಎಣ್ಣೆ ಸವರಿ, ಎರಡೂ ತುದಿ ಮುಚ್ಚಿ ಇಡು, ಒಳಗಿನ ತುಕ್ಕು ಕಾಣುವುದಿಲ್ಲ. ವೆಲ್ಡ್ ಮಾಡುವ ಮುಂಚೆ ಜೋಡಿಸುವ ಜಾಗವನ್ನು ಹೊಳೆಯುವವರೆಗೆ ಉಜ್ಜಿ ಅಸಿಟೋನ್‌ನಲ್ಲಿ ಒರೆಸಬೇಕು, ಎಣ್ಣೆ ಉಳಿದರೆ ವೆಲ್ಡ್‌ನಲ್ಲಿ ತೂತು ಬೀಳುತ್ತದೆ. ಟಿಗ್‌ನಲ್ಲಿ ವೆಲ್ಡನ್ನು ಕಾಯುವ ಆರ್ಗಾನ್ ಅನಿಲ ಗಾಳಿಗೆ ಹಾರಿಹೋಗುತ್ತದೆ. ಮಧ್ಯಾಹ್ನದ ಕಡಲ ಗಾಳಿ ಶುರುವಾದ ಮೇಲೆ ಬಾಗಿಲು ತೆರೆದಿಟ್ಟು ವೆಲ್ಡ್ ಮಾಡಲು ಬಿಡಬೇಡ, ಫ್ಯಾನ್ ಕೂಡ ಬೇಡ. ವೆಲ್ಡ್ ಆದ ಮೇಲೆ ತಾನಾಗಿ ತಣಿಯಲಿ. ಬೇಗ ಆಗಲಿ ಅಂತ ಒದ್ದೆ ಬಟ್ಟೆ ಇಟ್ಟರೆ 4130 ಗಾಜಿನಂತೆ ಪೆಡಸಾಗಿ ಬಿರುಕು ಬಿಡುತ್ತದೆ.

ಪೈಪ್ ತುದಿಯನ್ನು ಇನ್ನೊಂದು ಪೈಪಿನ ದುಂಡಿಗೆ ಸರಿಯಾಗಿ ಕೂರುವಂತೆ ಕತ್ತರಿಸಿ. ಸಂದಿ ಬಿಟ್ಟು ರಾಡ್ ತುಂಬಿಸುವುದು ಇಲ್ಲಿ ನಡೆಯುವುದಿಲ್ಲ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋದರೆ ಫ್ರೇಮ್ ಬಾಳೆಹಣ್ಣಿನಂತೆ ತಿರುಚುತ್ತದೆ, ಎಲ್ಲಾ ಕಡೆ ಮೊದಲು ಚುಕ್ಕಿ ವೆಲ್ಡ್ ಹಾಕಿಸಿ, ಆಮೇಲೆ ಎಡ ಬಲ ಬದಲಾಯಿಸುತ್ತಾ ಹೋಗಿ. ಮೂತಿಯ ಇಂಪ್ಯಾಕ್ಟ್ ಅಟೆನ್ಯೂಯೇಟರ್, ಅಂದರೆ ಡಿಕ್ಕಿಯ ಪೆಟ್ಟು ಹೀರುವ ಭಾಗ, ಅದರ ಲೆಕ್ಕವನ್ನು ಬೇಗ ಶುರು ಮಾಡಿ. 300 ಕೆ.ಜಿ ತೂಕ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಬಡಿದರೆ ಸರಾಸರಿ 20 ಜಿ ಮೀರಬಾರದು. ವರದಿ ಮುಂಚೆಯೇ ಕಳಿಸಬೇಕು, ಕೊನೆಗೆ ಇಟ್ಟುಕೊಂಡರೆ ತಲೆಬಿಸಿ.

ಫ್ರೇಮ್ ನಿಂತ ಮೇಲೆ ಒಂದು ಪರೀಕ್ಷೆ ಮಾಡಿ, ಇದನ್ನು ಯಾರೂ ಮಾಡುವುದಿಲ್ಲ. ಮುಂದಿನ ಸ್ಪ್ರಿಂಗ್ ಡ್ಯಾಂಪರ್ ಬಿಚ್ಚಿ. ಸ್ಟಿಯರಿಂಗ್ ಅನ್ನು ನೇರ ಕಟ್ಟಿಹಾಕಿ. ಚಕ್ರದ ಜಾಗದಲ್ಲಿ ಒಂದು ಚಪ್ಪಟೆ ಹಲಗೆ ಬೋಲ್ಟ್ ಮಾಡಿ, ಅದರ ಮುಂದಿನ ಅಂಚಿಗೊಂದು ಹಿಂದಿನ ಅಂಚಿಗೊಂದು ಡಯಲ್ ಗೇಜ್ ಇಟ್ಟು, ಜ್ಯಾಕ್‌ನಿಂದ 25 ಮಿ.ಮೀ ಮೇಲೆ, 25 ಮಿ.ಮೀ ಕೆಳಗೆ ಓಡಾಡಿಸಿ. ಎರಡೂ ಗೇಜ್ ಒಟ್ಟೊಟ್ಟಿಗೆ ಸರಿದರೆ ಒಳ್ಳೆಯದು. ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಬಂದರೆ ಉಬ್ಬು ಸಿಕ್ಕಾಗಲೆಲ್ಲಾ ಚಕ್ರ ತಾನೇ ತಿರುಗುತ್ತದೆ ಅಂತ ಅರ್ಥ, ಬಂಪ್ ಸ್ಟಿಯರ್. ಟೈ ರಾಡ್‌ನ ಒಳ ತುದಿಯನ್ನು ಒಂದೆರಡು ಮಿ.ಮೀ ಮೇಲೆ ಕೆಳಗೆ ಮಾಡಿದರೆ ಸರಿಹೋಗುತ್ತದೆ, ಹಾಗಾಗಿ ಸ್ಟಿಯರಿಂಗ್ ರ‍್ಯಾಕ್‌ನ ಬ್ರ್ಯಾಕೆಟ್ ಅನ್ನು ಮೊದಲೇ ಪೂರ್ತಿ ವೆಲ್ಡ್ ಮಾಡಬೇಡಿ.

ಕೊನೆಗೆ ಎಂಡ್ಯೂರೆನ್ಸ್, ದೂರದ ಓಟದ ಸ್ಪರ್ಧೆ. ಸುಮಾರು 22 ಕಿ.ಮೀ, ಅತಿ ಹೆಚ್ಚು ಅಂಕ ಇರುವುದು ಇದಕ್ಕೇ. ನಡುವೆ ಡ್ರೈವರ್ ಬದಲಾಗಬೇಕು, ಇಂಜಿನ್ ಆಫ್ ಮಾಡಬೇಕು. ಬಿಸಿಯಾದ ಸಿಂಗಲ್ ಸಿಲಿಂಡರ್ ಮತ್ತೆ ಸ್ಟಾರ್ಟ್ ಆಗದೆ ಅಲ್ಲೇ ನಿಂತ ಕಾರುಗಳನ್ನು ನೋಡಿದ್ದೇನೆ. ಪ್ರಾಕ್ಟೀಸ್ ಮಾಡುವಾಗ ಬಿಸಿ ಸ್ಟಾರ್ಟ್ ಅನ್ನು ಬೇಕಂತಲೇ ಮಾಡಿ ನೋಡಿ.

ಹೊನ್ನಾವರ_ಎಕ್ಸ್‌ಪ್ರೆಸ್, ಹೊನ್ನಾವರ

ಪ್ರಾಕ್ಟೀಸ್‌ಗೆ ದೇವಿಮನೆ ಘಾಟಿ ಇದೆಯಲ್ಲ, ತಿರುವು ಬೇಕಾದಷ್ಟು.

ಅಪೆಕ್ಸ್_ಹೆಗಡೆ

ದಯವಿಟ್ಟು ಹುಡುಗರಿಗೆ ಇಂಥದ್ದು ಹೇಳಿಕೊಡಬೇಡಿ ಮಾರಾಯ್ರೇ. ಸಾರ್ವಜನಿಕ ರಸ್ತೆಗೆ ಈ ಕಾರು ತರುವಂತೆಯೇ ಇಲ್ಲ, ಎದುರಿಗೆ ಲಾರಿ ಬಂದರೆ ಅದರ ಚಕ್ರದ ಎತ್ತರಕ್ಕೂ ನಮ್ಮ ತಲೆ ಬರುವುದಿಲ್ಲ. ಕಾಲೇಜಿನ ಪಾರ್ಕಿಂಗ್‌ನಲ್ಲಿ ಭಾನುವಾರ ಕೋನ್ ಇಟ್ಟರೆ ಸ್ಕಿಡ್‌ಪ್ಯಾಡ್ ಆಗುತ್ತದೆ. ಅಷ್ಟು ಸಾಕು.

ಕಾಳಿ_ಸಂಗಮ, ಕಾರವಾರ

ಇಂಜಿನ್ ಬಗ್ಗೆ ಒಂದೇ ಪ್ರಶ್ನೆ ಉಳಿಯಿತು. ಇಂಜಿನ್ನಿಗೆ ಹೋಗುವ ಗಾಳಿಯನ್ನು ಕಟ್ಟಿಹಾಕುವ 20 ಮಿ.ಮೀ ರಿಸ್ಟ್ರಿಕ್ಟರ್ ಹಾಕಿದರೆ 390 ಎಷ್ಟು ಸೊರಗುತ್ತದೆ? 600 ಸಿಸಿ ಇಂಜಿನ್ ಟೀಮುಗಳು ಇದರ ಬಗ್ಗೆ ತುಂಬಾ ಅಳುತ್ತವೆ.

ಅಪೆಕ್ಸ್_ಹೆಗಡೆ

ಅವರು ಅಳಲೇಬೇಕು. 20 ಮಿ.ಮೀ ತೂತಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟು ಎಳೆದರೂ ಸೆಕೆಂಡಿಗೆ ಸುಮಾರು 74 ಗ್ರಾಂಗಿಂತ ಜಾಸ್ತಿ ಹೋಗುವುದಿಲ್ಲ. 600 ಸಿಸಿ ಇಂಜಿನ್ 12000 ಆರ್‌ಪಿಎಂನಲ್ಲಿ ಕೇಳುವುದು ಹತ್ತಿರ ಹತ್ತಿರ ಅಷ್ಟೇ, ಅಲ್ಲಿಗೆ ಅದರ ಉಸಿರು ಕಟ್ಟುತ್ತದೆ. ನಿನ್ನ 390 (ನಿಜದಲ್ಲಿ 373 ಸಿಸಿ) 9000ದಲ್ಲಿ ಕೇಳುವುದು 33 ಗ್ರಾಂ ಆಸುಪಾಸು, ಅರ್ಧಕ್ಕಿಂತ ಕಡಿಮೆ. ಹಾಗಂತ ನಿಶ್ಚಿಂತೆ ಅಲ್ಲ. ಸಿಂಗಲ್ ಸಿಲಿಂಡರ್ ಒಂದೇ ಸಮ ಎಳೆಯುವುದಿಲ್ಲ, ಒಮ್ಮೆ ಜೋರಾಗಿ ಎಳೆದು ಆಮೇಲೆ ಸುಮ್ಮನಿರುತ್ತದೆ. ಆ ಎಳೆಯುವ ಹೊತ್ತಿನಲ್ಲಿ ಬೇಕಾದ ಗಾಳಿ ಸರಾಸರಿಗಿಂತ ಎಷ್ಟೋ ಜಾಸ್ತಿ. ರಿಸ್ಟ್ರಿಕ್ಟರ್ ಮತ್ತು ಇಂಜಿನ್ ನಡುವೆ ದೊಡ್ಡ ಪ್ಲೀನಮ್ ಡಬ್ಬಿ ಇದ್ದರೆ ಇಂಜಿನ್ ಅದರಿಂದ ಎಳೆದುಕೊಳ್ಳುತ್ತದೆ, ತೂತಿನಲ್ಲಿ ಹರಿವು ಸಮ ಆಗುತ್ತದೆ. ತೀರಾ ದೊಡ್ಡದು ಮಾಡಿದರೆ ಥ್ರಾಟಲ್ ಒತ್ತಿದ್ದಕ್ಕೆ ಉತ್ತರ ತಡವಾಗುತ್ತದೆ, ಎರಡು ಮೂರು ಅಳತೆ ಮಾಡಿ ನೋಡಿ. ಕ್ರಮ ನೆನಪಿರಲಿ, ಮೊದಲು ಥ್ರಾಟಲ್, ಆಮೇಲೆ ರಿಸ್ಟ್ರಿಕ್ಟರ್, ಆಮೇಲೆ ಇಂಜಿನ್.

ಕಾರವಾರದಲ್ಲಿ ಟ್ಯೂನ್ ಮಾಡಿದ ಇಂಜಿನ್ ಮ್ಯಾಪ್ (ಇಂಧನದ ಅಳತೆ ಪಟ್ಟಿ) ಕೊಯಮತ್ತೂರಿನಲ್ಲಿ ಹಾಗೇ ಕೂರುವುದಿಲ್ಲ. ಅದು ಸುಮಾರು 400 ಮೀಟರ್ ಎತ್ತರದಲ್ಲಿದೆ, ಗಾಳಿ ನಾಲ್ಕೈದು ಶೇಕಡಾ ತೆಳು. ಒತ್ತಡದ ಸೆನ್ಸರ್ ಕೆಲಸ ಮಾಡುತ್ತಿದೆಯಾ ನೋಡಿಕೊ.

ಘಟ್ಟದ_ಗೇರ್, ಶಿರಸಿ

ರಿಸ್ಟ್ರಿಕ್ಟರ್ ನಾನು ಮಾಡಿಸಿಕೊಡುತ್ತೇನೆ. ಇಲ್ಲಿ ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗ ತಿರುಗಿಸುವ ಲೇತ್‌ನವರು ಪರಿಚಯ ಇದ್ದಾರೆ, ಕೈ ಬಹಳ ನಿಖರ. ಅಲ್ಯೂಮಿನಿಯಂ 6061 ರಾಡ್ ನೀನೇ ತಗೊಂಡು ಬಾ ತಮ್ಮ, 60 ಮಿ.ಮೀ ವ್ಯಾಸ ಸಾಕು. ತೂತು 20 ಅಂತ ಡ್ರಾಯಿಂಗ್‌ನಲ್ಲಿ ಬರೆಯಬೇಡ, 19.9 ಅಂತ ಬರೆ. ಪರೀಕ್ಷಕರ ಗೇಜ್ ಒಳಗೆ ಜಾರಿದರೆ ಅವತ್ತೇ ಮನೆಗೆ ಬರಬೇಕಾಗುತ್ತದೆ. ಹಿಂದಿನ ಕೋನ್ ನಿಧಾನ ಅಗಲವಾಗಲಿ, ಒಳಮೈ ಪಾಲಿಶ್ ಮಾಡಿಸೋಣ. ಅಡಿಕೆ ಕೊಯ್ಲು ಶುರುವಾದರೆ ಅವರು ಕೈಗೆ ಸಿಗುವುದಿಲ್ಲ, ಅದರೊಳಗೆ ಬಂದುಬಿಡು.